ಬೋಧಗಯೆಯನ್ನು ಕಾಪಾಡಿದವರು ಯಾರು? ಒಂದು ಜೀರ್ಣೋದ್ಧಾರದ ಚರಿತ್ರೆ



ಬಿಹಾರದ ಬೋಧಗಯೆಯ ಚರಿತ್ರೆಯನ್ನು ನಾವು ಸಾಮಾನ್ಯವಾಗಿ ಮೂರು ಮಾತಿನಲ್ಲಿ ಹೇಳಿ ಮುಗಿಸುತ್ತೇವೆ. ಸಿದ್ಧಾರ್ಥ ಅಲ್ಲಿ ಬುದ್ಧನಾದ, ಅಶೋಕ ಅದನ್ನು ಕ್ಷೇತ್ರ ಮಾಡಿದ ಎಂಬುದು ಮೊದಲನೆಯದು. 12ನೇ ಶತಮಾನದ ಕೊನೆಯಲ್ಲಿ ತುರುಷ್ಕರ ದಾಳಿಗೆ ಸಿಕ್ಕಿ ಅದು ಹಾಳುಬಿದ್ದಿತು ಎಂಬುದು ಎರಡನೆಯದು. 19ನೇ ಶತಮಾನದಲ್ಲಿ ಅಲೆಕ್ಸಾಂಡರ್ ಕನ್ನಿಂಗ್‌ಹ್ಯಾಮ್ ಅದನ್ನು ಮಣ್ಣಿನಡಿಯಿಂದ ಮತ್ತೆ ಪತ್ತೆಹಚ್ಚಿದ ಎಂಬುದು ಮೂರನೆಯದು. ಈ ಕಥೆಯಲ್ಲಿ ಕ್ಷೇತ್ರವನ್ನು ಕಟ್ಟುವವನು ಒಬ್ಬ ಚಕ್ರವರ್ತಿ, ಕೆಡವುವವನು ಒಬ್ಬ ಸೇನಾಪತಿ, ಎತ್ತಿ ನಿಲ್ಲಿಸುವವನು ಒಬ್ಬ ಅಧಿಕಾರಿ. ನಡುವಿನ ಎರಡು ಸಾವಿರ ವರ್ಷ ಅಲ್ಲಿಗೆ ಬಂದು ಹೋದವರಿಗೆ ಇದರಲ್ಲಿ ಪಾತ್ರವೇ ಇಲ್ಲ. ಆದರೆ ಅಲ್ಲಿನ ಶಾಸನಗಳನ್ನು, ಯಾತ್ರಿಕರ ಬರಹಗಳನ್ನು, ದೂರ ದೇಶಗಳ ದಾಖಲೆಗಳನ್ನು ಒಟ್ಟಿಗೆ ಇಟ್ಟು ಓದಿದರೆ ಬೇರೆಯೇ ಚರಿತ್ರೆ ಕಾಣುತ್ತದೆ. ಬೋಧಗಯೆಯನ್ನು ಇಂದಿನವರೆಗೆ ಉಳಿಸಿದ್ದು ಯಾವ ಒಂದು ರಾಜ್ಯದ ಬಲವೂ ಅಲ್ಲ. ದೂರದೂರದಿಂದ ಬಂದ ಭಕ್ತರು ತಲೆಮಾರಿನಿಂದ ತಲೆಮಾರಿಗೆ ನಡೆಸಿದ ದುರಸ್ತಿ. ನಮ್ಮ ನಾಡಿನ ಶಾಸನಗಳನ್ನು ಓದಿದವರಿಗೆ ‘ಖಂಡಸ್ಫುಟಿತ ಜೀರ್ಣೋದ್ಧಾರ’ ಎಂಬ ಮಾತು ಹೊಸದಲ್ಲ. ಬಸದಿಗೋ ದೇಗುಲಕ್ಕೋ ದತ್ತಿ ಬಿಡುವಾಗ ಒಡೆದದ್ದನ್ನು, ಬಿರುಕುಬಿಟ್ಟದ್ದನ್ನು ಸರಿಪಡಿಸಲಿಕ್ಕೆಂದೇ ಒಂದು ಪಾಲನ್ನು ಎತ್ತಿಡುತ್ತಿದ್ದರು. ಬೋಧಗಯೆಯ ಚರಿತ್ರೆಯನ್ನು ಈ ಪಾಲಿನ ಚರಿತ್ರೆಯಾಗಿ ಓದಬೇಕೆಂಬುದು ನನ್ನ ವಾದ. ಹಾಗೆ ಓದಿದಾಗ, ಇಂದು ಆ ಕ್ಷೇತ್ರದ ಆಡಳಿತದ ಬಗ್ಗೆ ಎದ್ದಿರುವ ವಿವಾದಕ್ಕೂ ಒಂದು ನ್ಯಾಯವಾದ ಅಳತೆಗೋಲು ಸಿಗುತ್ತದೆ.

ಮೊದಲ ಸಾಕ್ಷ್ಯ ಅಶೋಕನದೇ. ಅವನ ಎಂಟನೆಯ ಬಂಡೆಗಲ್ಲಿನ ಶಾಸನ, ಹಿಂದಿನ ಅರಸರು ಬೇಟೆ ಮತ್ತು ವಿಹಾರಕ್ಕಾಗಿ ಪಯಣ ಹೋಗುತ್ತಿದ್ದರೆಂದೂ ತಾನು ಪಟ್ಟಾಭಿಷೇಕವಾಗಿ ಹತ್ತು ವರ್ಷವಾದ ಮೇಲೆ ಸಂಬೋಧಿಗೆ, ಎಂದರೆ ಬೋಧಗಯೆಗೆ, ಹೋದೆನೆಂದೂ ಹೇಳುತ್ತದೆ. ಅಲ್ಲಿಂದ ಮುಂದೆ ಅವನ ಪಯಣಗಳು ಧರ್ಮಯಾತ್ರೆಗಳಾದವು. ಈ ಶಾಸನದಲ್ಲಿ ಅಶೋಕ ತಾನು ಅಲ್ಲಿ ಏನನ್ನೋ ಕಟ್ಟಿಸಿದೆನೆಂದು ಹೇಳಿಕೊಳ್ಳುವುದಿಲ್ಲ. ಅವನು ಅಲ್ಲಿ ಕಾಣಿಸಿಕೊಳ್ಳುವುದು ಯಾತ್ರಿಕನಾಗಿ. ಬೋಧಿವೃಕ್ಷದ ಬುಡದಲ್ಲಿರುವ ವಜ್ರಾಸನವೆಂಬ ನಯಗೊಳಿಸಿದ ಮರಳುಗಲ್ಲಿನ ಹಾಸು ಮೌರ್ಯರ ಕಾಲದ ಕೆಲಸವೆಂದು ವಿದ್ವಾಂಸರು ಒಪ್ಪುತ್ತಾರೆ. ಮಧ್ಯಪ್ರದೇಶದ ಭಾರ್ಹುತ್ ಸ್ತೂಪದ ಒಂದು ಉಬ್ಬುಶಿಲ್ಪದಲ್ಲಿ ಬೋಧಿವೃಕ್ಷ, ಅದರ ಸುತ್ತ ಕಂಬಗಳ ಮೇಲೆ ನಿಂತ ತೆರೆದ ಮಂಟಪ, ಪಕ್ಕದಲ್ಲಿ ಆನೆಯ ಬೋದಿಗೆಯ ಸ್ತಂಭ ಇವೆ; ಅದು ಶಾಕ್ಯಮುನಿಯ ಬೋಧಿಯ ಚಿತ್ರವೆಂದು ಹೆಸರನ್ನೂ ಕೊರೆದಿದ್ದಾರೆ. ಅಂದರೆ ಕ್ರಿಸ್ತಪೂರ್ವ ಎರಡು, ಒಂದನೆಯ ಶತಮಾನಗಳ ಹೊತ್ತಿಗೆ ಬೋಧಗಯೆಯಲ್ಲಿದ್ದದ್ದು ಒಂದು ಮರ, ಒಂದು ಆಸನ, ಸುತ್ತಲೂ ಹಗುರವಾದ ಒಂದು ಮಂಟಪ. ಇಂದು ಅಲ್ಲಿ ಆಕಾಶಕ್ಕೆ ನಿಂತಿರುವ ಸುಮಾರು 50 ಮೀಟರ್ ಎತ್ತರದ ಇಟ್ಟಿಗೆಯ ಗೋಪುರ ಆಗ ಇರಲಿಲ್ಲ. ಹಾಗಾದರೆ ಕ್ಷೇತ್ರ ಬೆಳೆದದ್ದು ಹೇಗೆ, ಬೆಳೆಸಿದವರು ಯಾರು ಎಂಬ ಪ್ರಶ್ನೆ ಏಳುತ್ತದೆ.

ಉತ್ತರ ಮರದ ಸುತ್ತಲಿನ ಕಲ್ಲಿನ ಕಟಾಂಜನದಲ್ಲೇ ಇದೆ. ಸುಮಾರು ಕ್ರಿಸ್ತಪೂರ್ವ ಒಂದನೆಯ ಶತಮಾನದ ಅದರ ಕಂಬಗಳ ಮೇಲೆ ದಾನಿಗಳ ಹೆಸರುಗಳಿವೆ. ಇಂದ್ರಾಗ್ನಿಮಿತ್ರನ ಪತ್ನಿ ಕುರಂಗಿ ಹಲವು ಕಂಬಗಳನ್ನು ಕೊಟ್ಟಿದ್ದಾಳೆ. ಬ್ರಹ್ಮಮಿತ್ರನೆಂಬ ಅರಸನ ಪತ್ನಿ ನಾಗದೇವಿಯ ಹೆಸರೂ ಇದೆ. ಇವೆರಡಕ್ಕಿಂತ ಮುಖ್ಯವಾದ ಇನ್ನೊಂದು ಹೆಸರಿದೆ: ತಾಮ್ರಪರ್ಣಿಯ ಬೋಧಿರಕ್ಷಿತ. ತಾಮ್ರಪರ್ಣಿಯೆಂದರೆ ಸಿಂಹಳ. ಅಷ್ಟು ಹಿಂದೆಯೇ ಕಡಲಾಚೆಯ ಒಬ್ಬ ಭಕ್ತ ಇಲ್ಲಿನ ಬೇಲಿಗೆ ಕಲ್ಲು ಕೊಟ್ಟಿದ್ದಾನೆ. ಮುಂದಿನ ಸಾವಿರ ವರ್ಷಗಳ ಕಥೆಯ ಮೊದಲ ಎಳೆ ಇದು. ಕ್ರಿ.ಶ. 4ನೇ ಶತಮಾನದಲ್ಲಿ ಸಿಂಹಳದ ಅರಸ ಮೇಘವರ್ಣ ಸಮುದ್ರಗುಪ್ತನ ಬಳಿಗೆ ಕಾಣಿಕೆಗಳೊಡನೆ ದೂತರನ್ನು ಕಳಿಸಿ, ತನ್ನ ನಾಡಿನ ಭಿಕ್ಷುಗಳು ತಂಗಲು ಬೋಧಗಯೆಯಲ್ಲಿ ಒಂದು ವಿಹಾರ ಕಟ್ಟಲು ಅನುಮತಿ ಪಡೆದ. ಯಾತ್ರೆಗೆ ಬಂದ ಸಿಂಹಳ ಭಿಕ್ಷುಗಳಿಗೆ ಉಳಿಯಲು ಜಾಗ ಸಿಗದೆ ಹೋದದ್ದೇ ಇದಕ್ಕೆ ಕಾರಣವೆಂದು ಚೀನೀ ದಾಖಲೆ ಹೇಳುತ್ತದೆ. 7ನೇ ಶತಮಾನದಲ್ಲಿ ಚೀನೀ ಯಾತ್ರಿಕ ಷ್ವಾನ್‌ಜಾಂಗ್ ಬಂದಾಗ ಆ ಮಹಾಬೋಧಿ ಸಂಘಾರಾಮದಲ್ಲಿ ಸುಮಾರು ಒಂದು ಸಾವಿರ ಭಿಕ್ಷುಗಳಿದ್ದರು. ಅದಕ್ಕೂ ಮೊದಲು, ಗುಪ್ತಶಕೆ 269ರಲ್ಲಿ, ಎಂದರೆ ಕ್ರಿ.ಶ. 588-89ರಲ್ಲಿ, ಸಿಂಹಳದಲ್ಲಿ ಹುಟ್ಟಿದ ಮಹಾನಾಮನೆಂಬ ಸ್ಥವಿರ ಇಲ್ಲೊಂದು ಬುದ್ಧಮಂದಿರ ಕಟ್ಟಿಸಿ ಶಾಸನ ಹಾಕಿಸಿದ. ಗುಪ್ತರ ರಾಜ್ಯ ಕರಗಿಹೋಗಿದ್ದ ಕಾಲ ಅದು; ಸಿಂಹಳದವರ ಕೆಲಸ ನಿಂತಿರಲಿಲ್ಲ.

ಕೆಡವುವವರ ವಿಷಯಕ್ಕೆ ಬಂದರೆ, ಬೋಧಗಯೆಯ ಮೇಲೆ ಬಿದ್ದ ಏಟು ಒಂದೇ ಅಲ್ಲ. ಗೌಡದೇಶದ ಅರಸ ಶಶಾಂಕ ಬೋಧಿವೃಕ್ಷವನ್ನು ಕಡಿಸಿ ಬೇರಿಗೂ ಬೆಂಕಿ ಹಾಕಿಸಿದನೆಂದು ಷ್ವಾನ್‌ಜಾಂಗ್ ಬರೆದಿದ್ದಾನೆ. ಮಗಧದ ಪೂರ್ಣವರ್ಮ ಸಾವಿರ ಹಸುಗಳ ಹಾಲೆರೆದು ಮರವನ್ನು ಮತ್ತೆ ಚಿಗುರಿಸಿ ಅದರ ಸುತ್ತ ಗೋಡೆ ಕಟ್ಟಿಸಿದನೆಂದೂ ಅವನೇ ಹೇಳುತ್ತಾನೆ. ಶಶಾಂಕನ ಶತ್ರು ಹರ್ಷನ ಆದರಕ್ಕೆ ಪಾತ್ರನಾಗಿದ್ದ ಈ ಯಾತ್ರಿಕ ಸ್ವಲ್ಪ ಬಣ್ಣ ಹಚ್ಚಿರಬಹುದೆಂಬ ಆಕ್ಷೇಪ ಇದೆ, ಅದನ್ನು ತಳ್ಳಿಹಾಕುವಂತಿಲ್ಲ. ಹಾಲಿನ ಮಾತನ್ನೂ ಭಕ್ತಿಯ ಮಾತೆಂದೇ ತೆಗೆದುಕೊಳ್ಳೋಣ. ಆದರೂ ಈ ಕಥನದ ಆಕಾರವನ್ನು ಗಮನಿಸಬೇಕು. ಅಲ್ಲಿಯವರು ತಮ್ಮ ಕ್ಷೇತ್ರದ ಚರಿತ್ರೆಯನ್ನು ಯಾತ್ರಿಕನಿಗೆ ಹೇಳಿದ್ದು ಒಂದು ಕೇಡು, ಅದರ ಬೆನ್ನಿಗೇ ಒಂದು ಉದ್ಧಾರ ಎಂಬ ಕ್ರಮದಲ್ಲಿ. ಮರ ಅಳಿಯಬಲ್ಲದು, ಅದಕ್ಕೆ ಉತ್ತರವಾಗಿ ಮತ್ತೆ ನೆಡಬೇಕು ಎಂಬ ತಿಳಿವಳಿಕೆ ಆಗಲೇ ಗಟ್ಟಿಯಾಗಿತ್ತು. ಅಶೋಕನ ಮಗಳು ಸಂಘಮಿತ್ರೆ ಒಯ್ದಳೆಂದು ಮಹಾವಂಶ ಹೇಳುವ ಕೊಂಬೆ ಅನುರಾಧಪುರದಲ್ಲಿ ಬೇರು ಬಿಟ್ಟು ಇಂದಿಗೂ ಪೂಜೆಗೊಳ್ಳುತ್ತಿರುವುದನ್ನು ನೆನೆದರೆ, ಮೂಲ ಮರಕ್ಕೆ ಮಾತ್ರ ಪಾವಿತ್ರ್ಯವನ್ನು ಕಟ್ಟಿಹಾಕದ ದೃಷ್ಟಿ ಈ ಪರಂಪರೆಯಲ್ಲಿ ಮೊದಲಿನಿಂದ ಇದ್ದದ್ದು ಸ್ಪಷ್ಟವಾಗುತ್ತದೆ.

ಪಾಲ ಅರಸರ ಕಾಲಕ್ಕೆ ಬಂದರೆ ಚಿತ್ರ ಇನ್ನಷ್ಟು ಹರಡಿಕೊಳ್ಳುತ್ತದೆ. ಧರ್ಮಪಾಲನ ಆಳ್ವಿಕೆಯ 26ನೇ ವರ್ಷದಲ್ಲಿ, ಸುಮಾರು ಕ್ರಿ.ಶ. 800ರ ಆಸುಪಾಸಿನಲ್ಲಿ, ಉಜ್ಜ್ವಲನೆಂಬ ಶಿಲ್ಪಿಯ ಮಗ ಕೇಶವ ಇಲ್ಲಿ ನಾಲ್ಕು ಮುಖದ ಮಹಾದೇವನನ್ನು ಪ್ರತಿಷ್ಠೆ ಮಾಡಿದ. ಮಹಾಬೋಧಿಯಲ್ಲಿ ನೆಲೆಸಿದ್ದ ಸ್ನಾತಕರ ಶ್ರೇಯಸ್ಸಿಗಾಗಿ ಈ ಕೆಲಸ; ಜೊತೆಗೆ 3,000 ದ್ರಮ್ಮಗಳ ವೆಚ್ಚದಲ್ಲಿ ಒಂದು ಕೆರೆಯನ್ನೂ ತೋಡಿಸಿದ. ಬೌದ್ಧ ಅರಸನ ಆಳ್ವಿಕೆಯಲ್ಲಿ, ಬೌದ್ಧರ ಪರಮ ಕ್ಷೇತ್ರದಲ್ಲಿ ಶಿವನಿಗೆ ಜಾಗವಿತ್ತು ಎಂಬುದನ್ನು ಈ ಶಾಸನ ತೋರಿಸುತ್ತದೆ. ಇಲ್ಲಿ ಸಿಕ್ಕಿರುವ ಇನ್ನೊಂದು ಶಾಸನ ಕನ್ನಡಿಗರಿಗೆ ಆಸಕ್ತಿ ಹುಟ್ಟಿಸುವಂಥದು. ‘ನನ್ನ’ ಎಂಬ ಹೆಸರಿನ ಗುಣಾವಲೋಕನ ಮೊಮ್ಮಗ, ಕೀರ್ತಿರಾಜನ ಮಗ, ರಾಷ್ಟ್ರಕೂಟ ಕುಲದ ತುಂಗ ಧರ್ಮಾವಲೋಕ ಇಲ್ಲಿ ಬುದ್ಧನಿಗೆ ಗಂಧಕುಟಿಯೊಂದನ್ನು ಕಟ್ಟಿಸಿದನೆಂದು ಅದು ಹೇಳುತ್ತದೆ. ಮಾನ್ಯಖೇಟದ ಅರಸರ ಪಟ್ಟಿಯಲ್ಲಿ ಈ ತುಂಗ ಕಾಣುವುದಿಲ್ಲ, ಆದ್ದರಿಂದ ಇದನ್ನು ನಮ್ಮ ಹೆಮ್ಮೆಯ ಲೆಕ್ಕಕ್ಕೆ ಬರೆದುಕೊಳ್ಳಲು ಆತುರ ಬೇಡ. ಆದರೆ ದಖ್ಖನಿನ ದೊಡ್ಡ ಕುಲವೊಂದರ ಹೆಸರು ಹೊತ್ತವನು ಮಗಧದ ಬೌದ್ಧ ಕ್ಷೇತ್ರಕ್ಕೆ ದಾನಿಯಾಗಿದ್ದಾನೆ ಎಂಬುದು ಶಾಸನಸಿದ್ಧ. 11ನೇ ಶತಮಾನದ ಮೊದಲ ಭಾಗದಲ್ಲಿ ಚೀನೀ ಭಿಕ್ಷುಗಳು ತಮ್ಮ ಲಿಪಿಯಲ್ಲೇ ಇಲ್ಲಿ ಶಾಸನಗಳನ್ನು ಹಾಕಿಸಿದರು. 1033ರ ಶಾಸನ, ಸುಂಗ್ ವಂಶದ ಚಕ್ರವರ್ತಿಯ ಪರವಾಗಿ ಬಂದ ಭಿಕ್ಷು ಹ್ವಾಯ್‌ವೆನ್ ವಜ್ರಾಸನದ ಬಳಿ ಸ್ತೂಪ ಕಟ್ಟಿಸಿದ್ದನ್ನು ದಾಖಲಿಸುತ್ತದೆ. ಒಂದೇ ಪ್ರಾಕಾರದಲ್ಲಿ ಸಂಸ್ಕೃತ, ಚೀನೀ ಎರಡೂ ಭಾಷೆಗಳಲ್ಲಿ ದಾನದ ಲೆಕ್ಕ ಬರೆದ ಕ್ಷೇತ್ರಗಳು ಭಾರತದಲ್ಲಿ ವಿರಳ. ಮುಂದೆ ಈ ಸಾಲಿಗೆ ಬರ್ಮೀ ಭಾಷೆಯೂ ಸೇರಿತು.

ಬರ್ಮಾದವರ ಸೇವೆಯನ್ನು ಸ್ವಲ್ಪ ವಿವರವಾಗಿಯೇ ನೋಡಬೇಕು, ಯಾಕೆಂದರೆ ನನ್ನ ವಾದದ ಮುಖ್ಯ ಆಧಾರ ಅದು. 11ನೇ ಶತಮಾನದ ಕೊನೆಯಲ್ಲಿ ಪಗಾನಿನ ಅರಸ ಚ್ಯಾನ್‌ಸಿತ್ಥ ಬೆಲೆಬಾಳುವ ಸಾಮಗ್ರಿಗಳನ್ನು ಹಡಗಿನಲ್ಲಿ ತುಂಬಿ ಕಳಿಸಿ ವಜ್ರಾಸನದ ಪವಿತ್ರ ಕಟ್ಟಡವನ್ನು ದುರಸ್ತಿ ಮಾಡಿಸಿದನೆಂದು ಅವನ ನಾಡಿನ ಶಾಸನ ಹೇಳುತ್ತದೆ. 13ನೇ ಶತಮಾನದ ಕೊನೆಯ ವರ್ಷಗಳ ಬರ್ಮೀ ಶಾಸನವೊಂದು ಬೋಧಗಯೆಯಲ್ಲೇ ಸಿಕ್ಕಿದೆ. ಅಶೋಕನ ಕಾಲದಿಂದ ಈ ಚೈತ್ಯ ಎಷ್ಟು ಬಾರಿ ಹಾಳಾಯಿತು, ಪ್ರತಿ ಸಲವೂ ಯಾರು ಅದನ್ನು ಎತ್ತಿ ನಿಲ್ಲಿಸಿದರು ಎಂದು ಅದು ಸಾಲಾಗಿ ಹೇಳುತ್ತದೆ. ಪೂಜೆ, ದೀಪಗಳು ನಿಲ್ಲದಂತೆ ಭೂಮಿ, ದನಕರುಗಳನ್ನು ಬಿಟ್ಟದ್ದನ್ನೂ ದಾಖಲಿಸುತ್ತದೆ. ನಮ್ಮ ಖಂಡಸ್ಫುಟಿತ ಜೀರ್ಣೋದ್ಧಾರದ ದತ್ತಿಗಳಿಗೂ ಇದಕ್ಕೂ ಭಾಷೆಯೊಂದೇ ವ್ಯತ್ಯಾಸ. ಇಸವಿಯನ್ನು ಮತ್ತೊಮ್ಮೆ ಗಮನಿಸಿ. ತುರುಷ್ಕ ಸೇನಾಪತಿ ಬಖ್ತಿಯಾರ್ ಖಲ್ಜಿಯ ದಂಡಯಾತ್ರೆಗಳಾಗಿ ಸುಮಾರು ನೂರು ವರ್ಷ ಕಳೆದಿತ್ತು. ಆಗಲೂ ಕೊಲ್ಲಿಯಾಚೆಯಿಂದ ಬಂದವರು ಇಲ್ಲಿ ಗಾರೆ ಕಲಸುತ್ತಿದ್ದರು, ಕಲ್ಲು ಕೂರಿಸುತ್ತಿದ್ದರು.

ಆ ನೂರು ವರ್ಷಗಳ ನಡುವಿನ ಸ್ಥಿತಿಯನ್ನು ಕಣ್ಣಾರೆ ಕಂಡವನು ಟಿಬೆಟಿನ ಭಿಕ್ಷು ಧರ್ಮಸ್ವಾಮಿ. ಅವನು ಬೋಧಗಯೆಗೆ ಬಂದದ್ದು 1234ರಲ್ಲಿ. ತುರುಷ್ಕರ ಪಡೆ ಹತ್ತಿರದಲ್ಲೇ ಸುಳಿಯುತ್ತಿದ್ದುದರಿಂದ ಹೆಚ್ಚಿನವರು ಓಡಿಹೋಗಿದ್ದರು. ಅವನ ಕಣ್ಣಿಗೆ ಬಿದ್ದದ್ದು ನಾಲ್ಕೇ ಭಿಕ್ಷುಗಳು. ಅವರು ಮಹಾಬೋಧಿ ಮೂರ್ತಿಯ ಮುಂದಿನ ಬಾಗಿಲನ್ನು ಇಟ್ಟಿಗೆಯಿಂದ ಮುಚ್ಚಿ ಗಾರೆ ಬಳಿದಿದ್ದರು, ಹೊರಗಡೆ ಬೇರೊಂದು ಮೂರ್ತಿ ಇಟ್ಟಿದ್ದರು, ಗಾರೆಯ ಮೇಲೆ ರಕ್ಷಣೆಗೆಂದು ಮಹೇಶ್ವರನ ಚಿತ್ರವನ್ನೂ ಬರೆದಿದ್ದರು. ಧರ್ಮಸ್ವಾಮಿಯೂ ಕೆಲವು ದಿನ ತಲೆಮರೆಸಿಕೊಂಡು, ಅಪಾಯ ಸರಿದ ಮೇಲೆ ಮರಳಿ ಬಂದ. ಬಳಿಕ ಅವನು ಕಂಡದ್ದು ಬುದ್ಧಸೇನನೆಂಬ ಸ್ಥಳೀಯ ಅರಸನನ್ನು, ವಜ್ರಾಸನವನ್ನು ನೋಡಿಕೊಳ್ಳುತ್ತಿದ್ದ ಸುಮಾರು 300 ಸಿಂಹಳ ಭಿಕ್ಷುಗಳನ್ನು. ಈ ವರದಿ ನಮ್ಮ ಎರಡು ಸರಳ ನಂಬಿಕೆಗಳನ್ನು ಒಟ್ಟಿಗೇ ತಿದ್ದುತ್ತದೆ. ದಾಳಿಯೇ ಆಗಲಿಲ್ಲ ಎನ್ನುವವರಿಗೆ ಇಟ್ಟಿಗೆಯಿಂದ ಮುಚ್ಚಿದ ಆ ಬಾಗಿಲು ಉತ್ತರ. ಒಂದೇ ದಾಳಿಗೆ ಎಲ್ಲವೂ ಮುಗಿಯಿತು ಎನ್ನುವವರಿಗೆ ಮರಳಿ ಬಂದ ಭಿಕ್ಷುಗಳು ಉತ್ತರ.

ಇಲ್ಲಿ ಮೊದಲ ಆಕ್ಷೇಪವನ್ನು ಎದುರಿಸಬೇಕು. 13ನೇ ಶತಮಾನದವರೆಗೆ ಸರಿ, ಆ ಮೇಲೆ ಬ್ರಿಟಿಷರು ಬರುವತನಕ ಐದಾರು ಶತಮಾನದ ಶೂನ್ಯವಿಲ್ಲವೇ ಎಂದು ಕೇಳಬಹುದು. ಅಷ್ಟು ದೊಡ್ಡ ಶೂನ್ಯವಿಲ್ಲ. 15ನೇ ಶತಮಾನದ ಆರಂಭದಲ್ಲಿ ಬೋಧಗಯೆಯ ಮಠಾಧಿಪತಿಯೆನಿಸಿದ್ದ ಪಂಡಿತ ಶಾರಿಪುತ್ರ ನೇಪಾಳ, ಟಿಬೆಟ್‌ಗಳನ್ನು ಹಾದು ಮಿಂಗ್ ಚಕ್ರವರ್ತಿಯ ಆಸ್ಥಾನ ತಲುಪಿದ. 1473ರಲ್ಲಿ ಬೀಜಿಂಗಿನಲ್ಲಿ ಕಟ್ಟಿ ಮುಗಿಸಿದ ಐದು ಗೋಪುರಗಳ ದೇಗುಲ ಮಹಾಬೋಧಿಯ ಮಾದರಿಯದು. ಅದೇ ದಶಕದಲ್ಲಿ ಪೆಗುವಿನ ಅರಸ ಧಮ್ಮಚೇತಿ ಕುಶಲಕರ್ಮಿಗಳನ್ನು ಬೋಧಗಯೆಗೆ ಕಳಿಸಿ, ಅಲ್ಲಿನ ಗುಡಿಯ ಹೋಲಿಕೆಯನ್ನು ತರಿಸಿಕೊಂಡು ತನ್ನ ರಾಜಧಾನಿಯಲ್ಲಿ ಅಂಥದೇ ಕ್ಷೇತ್ರವನ್ನು ಕಟ್ಟಿಸಿದ. ಪಗಾನಿನಲ್ಲಿ 13ನೇ ಶತಮಾನದಲ್ಲೇ, ಥಾಯ್ಲೆಂಡಿನ ಚಿಯಾಂಗ್ ಮಾಯ್‌ಯಲ್ಲಿ 15ನೇ ಶತಮಾನದ ನಡುವೆ ಇಂಥ ಗುಡಿಗಳು ಎದ್ದಿದ್ದವು. ನೇಪಾಳದ ಪಾಟಣದಲ್ಲಿರುವ ಮಹಾಬುದ್ಧ ದೇವಾಲಯಕ್ಕೆ ಬೋಧಗಯೆಗೆ ಹೋಗಿ ಬಂದ ಭಕ್ತನೊಬ್ಬ ಕಾರಣನೆಂದು ಅಲ್ಲಿನ ಪರಂಪರೆ ಹೇಳುತ್ತದೆ. ಇವುಗಳ ಜೊತೆಗೆ ಅಂಗೈಯಗಲದ ಕಲ್ಲಿನ ಮಹಾಬೋಧಿ ಮಾದರಿಗಳು ಟಿಬೆಟ್, ನೇಪಾಳ, ಬರ್ಮಾ ಕಡೆಗಳಲ್ಲಿ ಹರಡಿವೆ. ಯಾತ್ರಿಕರು ಅವನ್ನು ಮನೆಗೆ, ಮಠಕ್ಕೆ ಕೊಂಡೊಯ್ಯುತ್ತಿದ್ದರು. ಯಾರಿಗೂ ನೆನಪಿಲ್ಲದ ಕ್ಷೇತ್ರದ ಪ್ರತಿರೂಪವನ್ನು ಹೀಗೆ ನಾಲ್ಕು ದೇಶಗಳಲ್ಲಿ ಕಟ್ಟುವುದು ಸಾಧ್ಯವಿಲ್ಲ. ಬೋಧಗಯೆಯಲ್ಲಿ ಸಂಘ ಕ್ಷೀಣಿಸಿದ್ದು ನಿಜ, ಕಟ್ಟಡ ಜೀರ್ಣವಾದದ್ದೂ ನಿಜ. ಆದರೆ ಅದರ ನೆನಪು ಮಾಸಿರಲಿಲ್ಲ, ದಾರಿಯೂ ಪೂರ್ತಿ ಮುಚ್ಚಿರಲಿಲ್ಲ.

16ನೇ ಶತಮಾನದ ಕೊನೆಯಲ್ಲಿ, ಸುಮಾರು 1590ರಲ್ಲಿ, ಶಂಕರಾಚಾರ್ಯರ ಹೆಸರಿನ ದಶನಾಮಿ ಸಂಪ್ರದಾಯದ ಗಿರಿ ಶಾಖೆಯ ಸನ್ಯಾಸಿ ಘಮಂಡಿ ಗಿರಿ ಇಲ್ಲಿ ಬಂದು ನೆಲೆಸಿದ. ಅವನ ಶಿಷ್ಯಪರಂಪರೆ ಮುಂದೆ ಮಠವಾಗಿ, ಭೂಮಿಕಾಣಿ ಗಳಿಸಿ, ಮಹಾಂತರ ಸಂಸ್ಥಾನವಾಯಿತು. 1811ರ ಡಿಸೆಂಬರಿನಲ್ಲಿ ಫ್ರಾನ್ಸಿಸ್ ಬುಕಾನನ್ ಬೋಧಗಯೆಗೆ ಬಂದಾಗ ಈ ಮಠವೇ ಅಲ್ಲಿ ಪ್ರಬಲವಾಗಿತ್ತು. ಟಿಪ್ಪು ಮಡಿದ ಮೇಲೆ 1800-01ರಲ್ಲಿ ಮೈಸೂರು, ಕೆನರಾ, ಮಲಬಾರುಗಳನ್ನು ಸುತ್ತಿ ನಮ್ಮ ಬೆಳೆ, ನೀರಾವರಿ, ಜಾತಿ, ಸಂತೆಗಳ ವಿವರ ಬರೆದ ಅದೇ ಬುಕಾನನ್ ಇವನು. ಬೋಧಗಯೆಯಲ್ಲಿ ಯಾವ ಜಾಗ ಯಾವುದು ಎಂದು ಅವನಿಗೆ ಗೊತ್ತಾದದ್ದು ಹೇಗೆ? ಅವನೇ ಬರೆದಿರುವಂತೆ, ಕೆಲವು ವರ್ಷಗಳ ಹಿಂದೆ ಬರ್ಮಾದ ಅರಸನ ಕಡೆಯವರು ತಮ್ಮ ಗ್ರಂಥಗಳಲ್ಲಿ ಹೇಳಿದ ಸ್ಥಳಗಳನ್ನು ಹುಡುಕಿಕೊಂಡು ಬಂದಿದ್ದರು. ಅವರ ಪ್ರಭಾವಕ್ಕೆ ಒಳಗಾಗಿ ಬೌದ್ಧಮತಕ್ಕೆ ಒಲಿದ ಸನ್ಯಾಸಿಯೊಬ್ಬ ಅವರಿಂದ ಕಲಿತದ್ದನ್ನು ಬುಕಾನನ್‌ಗೆ ತೋರಿಸಿಕೊಟ್ಟ. ಕನ್ನಿಂಗ್‌ಹ್ಯಾಮ್ ಮೊದಲ ಬಾರಿ ಇಲ್ಲಿಗೆ ಬಂದದ್ದು ಇದಾಗಿ ಅರ್ಧ ಶತಮಾನದ ಮೇಲೆ, 1861ರಲ್ಲಿ. ‘ಮರುಶೋಧ’ವೆಂದು ನಾವು ಕರೆಯುವ ಕೆಲಸದ ಮೊದಲ ಮಾಹಿತಿದಾರರು ಬರ್ಮೀ ಯಾತ್ರಿಕರು. ವಿದ್ವಾಂಸರ ದುಡಿಮೆಯನ್ನು ಇದರಿಂದ ಕಡಿಮೆ ಮಾಡಿದಂತಾಗುವುದಿಲ್ಲ. ಶಾಸನಗಳನ್ನು ಓದಿ, ಕಾಲವನ್ನು ನಿರ್ಣಯಿಸಿ, ಪದರ ಪದರವಾಗಿ ಕಟ್ಟಡವನ್ನು ಅರ್ಥಮಾಡಿಸಿದ್ದು ಅವರೇ. ಆದರೆ ಕಳೆದುಹೋಗದ್ದನ್ನು ಹುಡುಕಿಕೊಟ್ಟ ಕೀರ್ತಿ ಅವರಿಗೆ ಸಲ್ಲದು.

ಎರಡನೆಯ ಆಕ್ಷೇಪ ಇನ್ನೂ ಬಲವಾದದ್ದು. ಭಕ್ತರ ದುರಸ್ತಿಯೇ ಪುರಾವೆಯನ್ನು ನುಂಗಿಹಾಕುತ್ತದಲ್ಲವೇ? 1870ರ ದಶಕದಲ್ಲಿ ಬರ್ಮಾದ ಅರಸ ಮಿಂಡನ್, ಮಹಾಂತರ ಒಪ್ಪಿಗೆ ಪಡೆದು ಮಂದಿರದ ದುರಸ್ತಿಗೆ ತನ್ನವರನ್ನು ಕಳಿಸಿದ. ಅವರು ಹಳೆಯ ಅಡಿಪಾಯಗಳನ್ನು ಕಿತ್ತು, ಸುತ್ತಲಿನ ಸ್ತೂಪಗಳ ಅವಶೇಷಗಳನ್ನು ಸಮತಟ್ಟು ಮಾಡುತ್ತಿದ್ದಾರೆಂದು ದೂರು ಎದ್ದಾಗ ಬಂಗಾಳ ಸರ್ಕಾರ 1877ರಲ್ಲಿ ರಾಜೇಂದ್ರಲಾಲ್ ಮಿತ್ರರನ್ನು ಕಳಿಸಿತು. ಮಿತ್ರರು ಮರುವರ್ಷ ಪ್ರಕಟಿಸಿದ ಗ್ರಂಥದಲ್ಲಿ ಬರ್ಮಾದವರ ಭಕ್ತಿಯನ್ನು ಒಪ್ಪಿಕೊಂಡರೂ ಅವರ ಕೆಲಸದಿಂದ ಆದ ಹಾನಿಗೆ ಮರುಗಿದ್ದಾರೆ. ಆ ಮರುಕ ನ್ಯಾಯವಾದದ್ದೇ. ಆದರೆ ಮುಂದೆ ಆದದ್ದನ್ನೂ ನೋಡಬೇಕು. 1880ರಿಂದ ಸರ್ಕಾರವೇ ಕೆಲಸ ಕೈಗೆತ್ತಿಕೊಂಡು ಕನ್ನಿಂಗ್‌ಹ್ಯಾಮ್ ಉಸ್ತುವಾರಿಯಲ್ಲಿ ಜೋಸೆಫ್ ಬೆಗ್ಲರ್ ಮಂದಿರಕ್ಕೆ ಇಂದಿನ ರೂಪ ಕೊಟ್ಟ. ಕಾಣೆಯಾಗಿದ್ದ ಭಾಗಗಳನ್ನು, ಮುಖ್ಯವಾಗಿ ನಾಲ್ಕು ಮೂಲೆಯ ಸಣ್ಣ ಗೋಪುರಗಳನ್ನು, ಕಟ್ಟಲು ಅವನಿಗೆ ಆಧಾರವಾದದ್ದು ಅವಶೇಷಗಳ ನಡುವೆ ಸಿಕ್ಕ ಒಂದು ಪುಟ್ಟ ಕಲ್ಲಿನ ಮಾದರಿ. ಅಂದರೆ ಸರ್ಕಾರದ ಎಂಜಿನಿಯರೂ ಕೊನೆಗೆ ಭಕ್ತಿಯ ವಸ್ತುವೊಂದನ್ನೇ ನಕ್ಷೆಯಾಗಿ ಹಿಡಿಯಬೇಕಾಯಿತು, ಮತ್ತು ಅವನ ಕೆಲಸದಲ್ಲೂ ಊಹೆಯ ಪಾಲು ಸಾಕಷ್ಟಿತ್ತು. 1876ರ ಬಿರುಗಾಳಿಗೆ ಉರುಳಿದ ಮುದಿ ಬೋಧಿವೃಕ್ಷದ ಜಾಗದಲ್ಲಿ ಹೊಸ ಸಸಿ ಬೆಳೆದದ್ದೂ ಆ ವರ್ಷಗಳಲ್ಲೇ. ಆದ್ದರಿಂದ ಭಕ್ತರು ಕೆಡಿಸಿದರು, ಪುರಾತತ್ತ್ವದವರು ಉಳಿಸಿದರು ಎಂಬ ಸುಲಭದ ವಿಭಜನೆ ನಿಲ್ಲುವುದಿಲ್ಲ. ಇಂದು ಅಲ್ಲಿರುವ ಮಂದಿರದಲ್ಲಿ ಮೂಲ ಯಾವುದು ಎಂದು ಕೇಳಿದರೆ, ಗುಪ್ತರ ಕಾಲದ ಇಟ್ಟಿಗೆಯಿಂದ 19ನೇ ಶತಮಾನದ ಗಾರೆಯವರೆಗೆ ಎಲ್ಲವೂ ಅದರ ಮೈಯೇ ಎನ್ನಬೇಕಾಗುತ್ತದೆ. ಯುನೆಸ್ಕೊ 2002ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿದ್ದು ಈ ಇಡೀ ಮೈಯನ್ನೇ.

ಈಗ ಆಡಳಿತದ ಪ್ರಶ್ನೆ. 1891ರ ಜನವರಿಯಲ್ಲಿ ಸಿಂಹಳದ ಅನಾಗಾರಿಕ ಧರ್ಮಪಾಲ ಬೋಧಗಯೆಗೆ ಬಂದು, ಅದೇ ವರ್ಷ ಮಹಾಬೋಧಿ ಸೊಸೈಟಿಯನ್ನು ಸ್ಥಾಪಿಸಿ, ಕ್ಷೇತ್ರವನ್ನು ಬೌದ್ಧರಿಗೆ ಬಿಟ್ಟುಕೊಡಬೇಕೆಂದು ಹೋರಾಟ ಆರಂಭಿಸಿದರು. 1895ರ ಫೆಬ್ರುವರಿಯಲ್ಲಿ ಅವರು ಜಪಾನಿನಿಂದ ಬಂದ ಬುದ್ಧಮೂರ್ತಿಯನ್ನು ಮಂದಿರದಲ್ಲಿ ಇಡಲು ಹೋದಾಗ ಮಹಾಂತರ ಕಡೆಯವರು ತಡೆದರು. ಕೆಳಗಿನ ನ್ಯಾಯಾಲಯ ತಡೆದವರಿಗೆ ಶಿಕ್ಷೆ ಕೊಟ್ಟಿತು; ಕಲ್ಕತ್ತಾ ಹೈಕೋರ್ಟ್ ಅದನ್ನು ರದ್ದುಮಾಡಿತು. 1920ರ ದಶಕದಲ್ಲಿ ಬಾಬು ರಾಜೇಂದ್ರ ಪ್ರಸಾದರ ನೇತೃತ್ವದ ಕಾಂಗ್ರೆಸ್ ಸಮಿತಿ ಹಿಂದೂ-ಬೌದ್ಧ ಜಂಟಿ ಆಡಳಿತವನ್ನು ಸೂಚಿಸಿತು. ಸ್ವಾತಂತ್ರ್ಯದ ನಂತರ ಬಿಹಾರದ ಶಾಸನಸಭೆ 1949ರಲ್ಲಿ ಬೋಧಗಯಾ ಮಂದಿರ ಕಾಯಿದೆಯನ್ನು ತಂದಿತು; 1953ರಲ್ಲಿ ಮಂದಿರ ಸಮಿತಿಯ ಕೈಸೇರಿತು. ಸಮಿತಿಯಲ್ಲಿ ನಾಲ್ವರು ಬೌದ್ಧರು, ಮಹಾಂತರೂ ಸೇರಿ ನಾಲ್ವರು ಹಿಂದೂಗಳು. ಅಧ್ಯಕ್ಷರು ಗಯಾ ಜಿಲ್ಲಾಧಿಕಾರಿ. ಜಿಲ್ಲಾಧಿಕಾರಿ ಹಿಂದೂ ಅಲ್ಲದಿದ್ದರೆ ಬೇರೊಬ್ಬ ಹಿಂದೂವನ್ನು ಅಧ್ಯಕ್ಷರನ್ನಾಗಿ ನೇಮಿಸಬೇಕೆಂಬ ಷರತ್ತು 2013ರ ತಿದ್ದುಪಡಿಯವರೆಗೆ ಇತ್ತು. ಈ ಕಾಯಿದೆಯನ್ನು ರದ್ದುಪಡಿಸಿ ಆಡಳಿತವನ್ನು ಬೌದ್ಧರಿಗೇ ಕೊಡಬೇಕೆಂದು 2025ರಲ್ಲಿ ಭಿಕ್ಷುಗಳು ದೀರ್ಘಕಾಲ ಧರಣಿ ಕೂತರು.

ಹಿಂದೂಗಳ ಪರವಾಗಿ ಹೇಳಬಹುದಾದ ಮಾತುಗಳನ್ನು ಪ್ರಾಮಾಣಿಕವಾಗಿ ತೂಗಬೇಕು. ಗಯಾಕ್ಕೆ ಪಿತೃಕಾರ್ಯಕ್ಕೆ ಹೋದವರು ಬೋಧಿವೃಕ್ಷದ ಬಳಿಯೂ ಪಿಂಡವಿಡುವ ರೂಢಿ ಹಳೆಯದು. ಗಯಾಮಾಹಾತ್ಮ್ಯದಲ್ಲೂ ಮಹಾಬೋಧಿ ತರುವಿನ ಉಲ್ಲೇಖವಿದೆ. ಕೇಶವನ ಚತುರ್ಮುಖ ಮಹಾದೇವನನ್ನು ಆಗಲೇ ಕಂಡೆವು. ಭಿಕ್ಷುಗಳಿಲ್ಲದ ಕಾಲದಲ್ಲಿ ಈ ಜಾಗದಲ್ಲಿ ಜನವಾಸ, ದೀಪ, ಪೂಜೆ ಉಳಿಸಿದ್ದು ಗಿರಿ ಮಠ ಎಂಬುದನ್ನೂ ಅಲ್ಲಗಳೆಯಲಾಗದು. ಕಟಾಂಜನದ ಕಂಬಗಳು ಮಠದ ಕಟ್ಟಡಗಳಿಗೆ ಹೋಗಿ ಸೇರಿದ್ದವೆಂಬುದು ಎಷ್ಟು ನಿಜವೋ, ಬರ್ಮಾದ ದೂತರಿಗೆ ದುರಸ್ತಿಗೆ ಒಪ್ಪಿಗೆ ಕೊಟ್ಟದ್ದೂ ಅದೇ ಮಠ ಎಂಬುದು ಅಷ್ಟೇ ನಿಜ. ಇವೆಲ್ಲವೂ ಸಾಬೀತು ಮಾಡುವುದು ಪೂಜೆಯ ಹಕ್ಕನ್ನು. ಆ ಹಕ್ಕನ್ನು 1949ರ ಕಾಯಿದೆ ಕೊಟ್ಟಿದೆ, ಅದು ಮುಂದೆಯೂ ಇರಬೇಕು. ಆದರೆ ಪೂಜೆಯ ಹಕ್ಕು ಬೇರೆ, ಪಾಲನೆಯ ಹೊಣೆ ಬೇರೆ. ನಮ್ಮ ತಾಮ್ರಪಟಗಳ ಕೊನೆಯಲ್ಲಿ ಬರುವ ಶ್ಲೋಕಗಳು ದಾನ ಕೊಡುವುದಕ್ಕಿಂತ ಕೊಟ್ಟದ್ದನ್ನು ಕಾಪಾಡುವುದೇ ಶ್ರೇಷ್ಠವೆಂದು ಸಾರುತ್ತವೆ. ಆ ಅಳತೆಯಲ್ಲಿ ನೋಡಿದರೆ, ಈ ಕ್ಷೇತ್ರವನ್ನು ಮತ್ತೆ ಮತ್ತೆ ಎತ್ತಿ ನಿಲ್ಲಿಸಿದ ಕೈಗಳು ಬಹುಪಾಲು ಬೌದ್ಧರವು. ಹಾಗಿರುವಾಗ ಸಮಿತಿಯಲ್ಲಿ ಬೌದ್ಧರಿಗೆ ಅರ್ಧ ಪಾಲಷ್ಟೇ ಇರುವುದು, ಅಂತಿಮ ಮಾತು ಅಧಿಕಾರಿಯದಾಗಿರುವುದು ಚರಿತ್ರೆಗೆ ಹೊಂದುವುದಿಲ್ಲ.

ಇದಕ್ಕೆ ಬರುವ ಮರುಮಾತು ಒಂದಿದೆ. ಸಿಂಹಳ, ಬರ್ಮಾ, ಟಿಬೆಟ್, ಚೀನಾಗಳ ಸೇವೆಯನ್ನೇ ಮುಂದಿಟ್ಟರೆ ಕ್ಷೇತ್ರವನ್ನು ಹೊರದೇಶದವರಿಗೆ ಒಪ್ಪಿಸಬೇಕೆಂದು ಅರ್ಥವೇ? ಅಲ್ಲ. 1891ರಲ್ಲಿ ಈ ಪ್ರಶ್ನೆಗೆ ತೂಕವಿತ್ತು, ಇಂದು ಇಲ್ಲ. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬಾಬಾಸಾಹೇಬ ಅಂಬೇಡ್ಕರರು ಲಕ್ಷಾಂತರ ಜನರೊಡನೆ ದೀಕ್ಷೆ ಪಡೆದ ಮೇಲೆ ಈ ನೆಲದ ಬೌದ್ಧರು ಈ ನೆಲದಲ್ಲೇ ಇದ್ದಾರೆ. 2011ರ ಜನಗಣತಿಯಂತೆ ಅವರ ಸಂಖ್ಯೆ ಸುಮಾರು 84 ಲಕ್ಷ. ಅವರಲ್ಲಿ ಕನ್ನಡ ಮಾತನಾಡುವವರೂ ಇದ್ದಾರೆ. ಬೈಲಕುಪ್ಪೆ, ಮುಂಡಗೋಡಿನ ಟಿಬೆಟನ್ ಮಠಗಳ ಭಿಕ್ಷುಗಳು ಚಳಿಗಾಲದಲ್ಲಿ ಬೋಧಗಯೆಯ ಪ್ರಾರ್ಥನಾ ಸಮಾವೇಶಗಳಿಗೆ ಹೋಗುವುದನ್ನು ನಮ್ಮ ರೈಲು ನಿಲ್ದಾಣಗಳೇ ಕಾಣುತ್ತವೆ. ಹಾಗೆಂದು ಭಕ್ತರ ಉತ್ಸಾಹಕ್ಕೆ ಲಗಾಮು ಬೇಡವೆಂದೂ ನಾನು ಹೇಳುತ್ತಿಲ್ಲ. 1877ರ ಪಾಠವನ್ನು ಮರೆಯಲಾಗದು. ಪುರಾತತ್ತ್ವ ಇಲಾಖೆಯ ಒಪ್ಪಿಗೆಯಿಲ್ಲದೆ ಅಲ್ಲಿ ಒಂದು ಇಟ್ಟಿಗೆಯೂ ಕದಲಬಾರದು.

ಒಟ್ಟಿನಲ್ಲಿ ನನ್ನ ನಿರ್ಣಯ ಇಷ್ಟು. ಬೋಧಗಯೆಯ ಆಡಳಿತದ ಮುಖ್ಯ ಹೊಣೆ ಭಾರತದ ಬೌದ್ಧರದಾಗಬೇಕು. ಹಿಂದೂ ಯಾತ್ರಿಕರ ಪಿಂಡದಾನಕ್ಕೆ, ದರ್ಶನಕ್ಕೆ ಕಾನೂನಿನ ರಕ್ಷಣೆ ಇರಬೇಕು. ಕಟ್ಟಡದ ವಿಷಯದಲ್ಲಿ ತಜ್ಞರ ಮಾತು ಕಡ್ಡಾಯವಾಗಬೇಕು. ಈ ಮೂರೂ ಒಂದಕ್ಕೊಂದು ಅಡ್ಡಿಯಾಗುವುದಿಲ್ಲವೆಂಬುದಕ್ಕೆ ಆ ಕ್ಷೇತ್ರದ ಶಾಸನಗಳೇ ಸಾಕ್ಷಿ. ಇಲ್ಲಿ ಕೂತಿರುವ ಚರಿತ್ರೆಯ ವಿದ್ಯಾರ್ಥಿಗಳಲ್ಲಿ ಒಂದು ಕೋರಿಕೆಯೂ ಇದೆ. ಕ್ಷೇತ್ರಗಳ ಚರಿತ್ರೆ ಬರೆಯುವಾಗ ಕಟ್ಟಿಸಿದವನ ಹೆಸರಿನಿಂದ ಆರಂಭಿಸಿ ಕೆಡವಿದವನ ಹೆಸರಿನಲ್ಲಿ ಮುಗಿಸುವ ರೂಢಿಯನ್ನು ಬಿಡಿ. ನಮ್ಮ ನಾಡಿನ ಬಸದಿ, ದರ್ಗಾ, ದೇಗುಲ, ಸ್ತೂಪಗಳ ಶಾಸನಗಳಲ್ಲಿ ದುರಸ್ತಿಗೆ ಪಾಲು ಎತ್ತಿಟ್ಟವರ ಹೆಸರುಗಳು ಸಾವಿರಾರಿವೆ. ಅವನ್ನು ಕಲೆಹಾಕಿ, ಓದಿ, ಪ್ರಕಟಿಸಿ. ಒಂದು ಜಾಗ ಯಾರಿಗೆ ಸೇರಿದ್ದು ಎಂಬ ಜಗಳಕ್ಕೆ ಇಳಿಯುವ ಮೊದಲು, ಅದನ್ನು ಯಾರು ಯಾರು ನೋಡಿಕೊಂಡರು ಎಂಬ ಲೆಕ್ಕ ನಮ್ಮ ಮುಂದಿರಬೇಕು.